ಹಟ್ಟಿಯಲ್ಲಿ ನಿಂತ ಪದ್ಮಿನಿ

ಉಡುಪಿಯಿಂದ ಕುಂದಾಪುರದ ಕಡೆಗೆ ಹೊರಟು, ಸಾಲಿಗ್ರಾಮ ದಾಟಿದ ಮೇಲೆ ಹೆದ್ದಾರಿ ಬಿಟ್ಟು ಪಡುವಣಕ್ಕೆ ಹೊರಳಿದರೆ ಸ್ವಲ್ಪ ಹೊತ್ತಿಗೆಲ್ಲ ಲಾರಿಗಳ ಸದ್ದು ಹಿಂದೆ ಸರಿದು ಕಡಲಿನ ಮೊರೆತ ಕಿವಿಗೆ ಬೀಳತೊಡಗುತ್ತದೆ. ಎರಡೂ ಕಡೆ ತೆಂಗು, ಭತ್ತದ ಕೊಯ್ಲು ಮುಗಿದು ನೆಲಗಡಲೆ ಎದ್ದಿರುವ ಗದ್ದೆ, ಅಂಗಳದ ಚಾಪೆಯ ಮೇಲೆ ಹರವಿದ ಕೊಬ್ಬರಿ. ಮಾಘದ ಬೆಳಗಿನ ಇಬ್ಬನಿ ಬಾಳೆಯೆಲೆಯಿಂದ ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಒಂದು ಹಂಚಿನ ಮನೆಯ ಹಿತ್ತಿಲಿನಿಂದ ಟಣ್, ಟಣ್, ಟಣ್ ಎಂದು ಸುತ್ತಿಗೆಯ ಸದ್ದು ಕೇಳುತ್ತದೆ. ನಡುವೆ ಒಮ್ಮೆ ಡಬ್ ಎಂಬ ಸತ್ತ ಸದ್ದು. ಸುತ್ತಿಗೆ ಅಲ್ಲಿ ನಿಲ್ಲುತ್ತದೆ. ಸದ್ದು ಸತ್ತ ಜಾಗಕ್ಕೆ ಸೀಮೆಸುಣ್ಣದ ಗುರುತು ಬೀಳುತ್ತದೆ. ಮತ್ತೆ ಟಣ್, ಟಣ್.

ಬನ್ನಿ, ಸ್ವಲ್ಪ ಬಗ್ಗಿ ಒಳಗೆ ಬನ್ನಿ, ಹಟ್ಟಿಯ ಮಾಡು ತಗ್ಗು. ದನ ಕಟ್ಟುವುದು ನಿಂತು ವರ್ಷಗಳಾದರೂ ಗೋಡೆಯಲ್ಲಿ ಹಗ್ಗ ಕಟ್ಟುತ್ತಿದ್ದ ಗೂಟಗಳು ಹಾಗೇ ಇವೆ, ಈಗ ಅವುಗಳಲ್ಲಿ ಗ್ರೈಂಡರಿನ ವಯರು, ತಗಡು ಕತ್ತರಿಸುವ ಕತ್ತರಿ, ಅಳತೆಯ ಟೇಪು ನೇತಾಡುತ್ತಿವೆ. ಒಣಹುಲ್ಲಿನ ವಾಸನೆ ಇದ್ದ ಕಡೆ ಥಿನ್ನರಿನ ಘಾಟು, ಸುಟ್ಟ ಕಬ್ಬಿಣದ ವಾಸನೆ, ಮೂಲೆಯ ಡ್ರಮ್ಮಿನಿಂದ ಬರುವ ಸಿಹಿಯಾದ ಒಂದು ಹುಳಿ ಗಮಲು. ನಟ್ಟನಡುವೆ ನಾಲ್ಕು ಹಲಸಿನ ದಿಮ್ಮಿಗಳ ಮೇಲೆ, ಚಕ್ರವಿಲ್ಲದೆ, ಗಾಜಿಲ್ಲದೆ, ಸೀಟಿಲ್ಲದೆ, ಬಂಪರಿಲ್ಲದೆ ಕೂತಿದೆ ಒಂದು ಪ್ರೀಮಿಯರ್ ಪದ್ಮಿನಿ. ಕರಾವಳಿಯಲ್ಲಿ ಅದನ್ನು ಪದ್ಮಿನಿ ಎಂದವರು ಕಡಿಮೆ. ಕಾರ್ಖಾನೆಯವರು ಯಾವ ಹೆಸರಿಟ್ಟರೂ ಇಲ್ಲಿಯವರ ಬಾಯಲ್ಲಿ ಅದು ಫಿಯೆಟ್.

ಕಾರು ನಿವೃತ್ತ ಶಾಲಾ ಮಾಸ್ಟ್ರದ್ದು. ಸುತ್ತಿಗೆ ಹಿಡಿದವರು ಆಚಾರ್ರು. ಅಜ್ಜನ ಕಾಲಕ್ಕೆ ಕುಲುಮೆಯಲ್ಲಿ ಕತ್ತಿ, ಪಿಕ್ಕಾಸಿ ಬಡಿಯುತ್ತಿದ್ದ ಮನೆತನ; ಇವರು ಹುಡುಗನಾಗಿದ್ದಾಗಲೇ ಪೇಟೆಯ ಗ್ಯಾರೇಜು ಸೇರಿ ಟಿಂಕರಿಂಗ್ ಕಲಿತು, ಬಸ್ಸು, ಲಾರಿ, ಕಾರುಗಳ ಮೈ ತಿದ್ದುತ್ತ ಮುಪ್ಪಿಗೆ ಬಂದವರು. ಗ್ಯಾರೇಜಿನ ಕೆಲಸ ಬಿಟ್ಟಿದ್ದಾರೆ. ಮಾಸ್ಟ್ರು ಮನೆಗೇ ಬಂದು ಕರೆದಾಗ, ‘ಗಡಿಬಿಡಿ ಮಾಡೂದಿಲ್ಲ ಅಂದ್ರೆ ಬತ್ತೆ’ ಎಂಬ ಒಂದೇ ಮಾತಿನ ಮೇಲೆ ಒಪ್ಪಿಕೊಂಡರು. ಮೂರನೆಯವಳು ಮಾಸ್ಟ್ರ ಮಗಳು. ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವಳು ರಜೆ ಸಿಕ್ಕಿದಾಗೆಲ್ಲ ಹಳೆಯ ಚೂಡಿದಾರದ ಮೇಲೆ ಅಪ್ಪನ ಅಂಗಿ ತೊಟ್ಟು ಹಟ್ಟಿಗೆ ಇಳಿಯುತ್ತಾಳೆ.

ಆಚಾರ್ರ ಜೇಬಿನಲ್ಲಿ ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತದ ತುಂಡೊಂದಿದೆ, ಬಣ್ಣಕ್ಕೆ ಗೀರು ಬೀಳದಂತೆ ಅದಕ್ಕೆ ಬೈರಾಸಿನ ಚೂರು ಸುತ್ತಿದ್ದಾರೆ. ಬಾಗಿಲ ಮೇಲಿನಿಂದ ಅದನ್ನು ನಿಧಾನ ಇಳಿಸುತ್ತ ಬರುವುದನ್ನು ನೋಡಿ. ಮೇಲೆ ಗಟ್ಟಿಯಾಗಿ ಕಚ್ಚಿ ಹಿಡಿಯುತ್ತದೆ. ಕೆಳಗೆ ಬರುತ್ತ ಬರುತ್ತ ಹಿಡಿತ ಸಡಿಲಾಗಿ, ಕೊನೆಯ ನಾಲ್ಕು ಬೆರಳಗಲ ಇರುವಾಗ ಜಾರಿ ಕೈಗೇ ಬೀಳುತ್ತದೆ. ಅಲ್ಲಿ ಹೊರಗೆ ಕಾಣುವ ನುಣುಪಾದ ಮೈ ಕಬ್ಬಿಣದ್ದಲ್ಲ, ಪುಟ್ಟಿಯದು. ಹಿಂದೆ ಯಾವಾಗಲೋ ಯಾರೋ ತೂತಿನೊಳಗೆ ಸುದ್ದಿಪತ್ರಿಕೆ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಕೊಟ್ಟಿದ್ದಾರೆ. ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಚಪ್ಪಡಿಯೇ ಕಳಚಿ, ನೀರು ಕುಡಿದು ಹಳದಿಗಟ್ಟಿದ ಕಾಗದದ ಮುದ್ದೆ ಹೊರಗೆ ಬರುತ್ತದೆ.

‘ಹ್ವಾಯ್ ಮಾಸ್ಟ್ರೇ, ಇಲ್ ಕಾಣಿ. ಇದ್ ಕಾರಲ್ಲ, ಬರೀ ಬಣ್ಣ.’

‘ತೆಗೂದೇ ಆಚಾರ್ರೇ. ಗಟ್ಟಿ ತಗಡು ಸಿಕ್ಕೂವರೆಗೆ ತೆಗೂದೇ.’

ಮನೆಯಲ್ಲಿ ಮಾಡುವ ಈ ಕೆಲಸದ ಇಡೀ ಬೆಲೆ ಆ ಮಾತಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ದಿನಕ್ಕಿಷ್ಟು ಕೂಲಿ, ಜಾಗಕ್ಕಿಷ್ಟು ಬಾಡಿಗೆ ಎಂದು ನಡೆಯುವ ಗ್ಯಾರೇಜು ಗಟ್ಟಿ ತಗಡು ಸಿಗುವವರೆಗೆ ಹುಡುಕುತ್ತ ಕೂರುವುದು ಕಷ್ಟ. ಗಿರಾಕಿಗೂ ಬೇಕಾಗಿರುವುದು ಹೊರಗಿನ ಹೊಳಪು. ಹಟ್ಟಿಯಲ್ಲಿ ಯಾರಿಗೂ ಅವಸರವಿಲ್ಲ, ಆದ್ದರಿಂದ ಯಾವುದನ್ನೂ ಮುಚ್ಚಬೇಕಾದ ದರ್ದೂ ಇಲ್ಲ.

ಕಾರಿನ ನೆಲ ನೋಡಿ. ರಬ್ಬರ್ ಮ್ಯಾಟು, ಅದರಡಿಯ ನಾರಿನ ಹಾಸು ಎತ್ತಿದ ಮೇಲೆ ಕಂಡದ್ದು ಇದು. ಡ್ರೈವರಿನ ಕಾಲಡಿಯ ತಗಡು ಚಿರೋಟಿಯ ಹಾಗೆ ಪದರು ಪದರಾಗಿ ಎದ್ದಿದೆ. ಬೆರಳಿಟ್ಟರೆ ಪುಡಿ, ಪುಡಿಯ ಆಚೆ ಹಟ್ಟಿಯ ನೆಲ. ಕಬ್ಬಿಣ ತುಕ್ಕಾಗುವಾಗ ಮೊದಲಿದ್ದ ಗಾತ್ರದ ಹಲವು ಪಟ್ಟು ಉಬ್ಬುತ್ತದೆ. ಎರಡು ತಗಡು ಕೂಡಿಸಿ ಅಲ್ಲಲ್ಲಿ ಬೆಸುಗೆ ಹಾಕಿದ ಸಂದಿಗೆ ತುಕ್ಕು ಹೊಕ್ಕರೆ ಆ ಉಬ್ಬರವೇ ಬೆಸುಗೆಯನ್ನು ಎಳೆದು ಬಿಡಿಸಿಬಿಡುತ್ತದೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ಪೆಟ್ಟಿಗೆಯಂಥ ಭಾಗಕ್ಕೆ ನಮ್ಮ ಮೆಕ್ಯಾನಿಕ್ಕುಗಳು ರನ್ನಿಂಗ್ ಬೋರ್ಡ್ ಎನ್ನುತ್ತಾರೆ. ಅದು ಎರಡೂ ಕಡೆ ಒಳಗಿನಿಂದ ತಿಂದುಹೋಗಿದೆ. ಬ್ಯಾಟರಿ ಕೂರುವ ತಟ್ಟೆ ಆಸಿಡ್ ಸೋರಿ ಜರಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಮುಂದಿನ ಗಾಜಿನ ರಬ್ಬರಿನ ಕೆಳಗಿನ ಅಂಚು, ಹೆಡ್‌ಲೈಟಿನ ಸುತ್ತು, ಮಡ್‌ಗಾರ್ಡಿನ ಹಿಂಬದಿಯಲ್ಲಿ ಕೆಸರು ಕೂತು ಗಟ್ಟಿಯಾಗುವ ಮೂಲೆ, ಎಲ್ಲ ಕಡೆ ಸೀಮೆಸುಣ್ಣದ ಗೆರೆ.

ಊರು ಅಂಥದ್ದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಉಳಿದ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಕಡಲಗಾಳಿ ಉಪ್ಪು ಹೊತ್ತು ತರುತ್ತದೆ. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ತಗಡಿನ ಒಂದು ಚುಕ್ಕಿ ಕರಗುತ್ತದೆ, ಪಕ್ಕದ ಚುಕ್ಕಿಯಲ್ಲಿ ಗಾಳಿಯ ಆಮ್ಲಜನಕ ಅದರ ಎಲೆಕ್ಟ್ರಾನುಗಳನ್ನು ಪಡೆಯುತ್ತದೆ. ಮಗಳು ಇದನ್ನು ವಿವರಿಸುತ್ತ ಹೇಳಿದ ಒಂದು ಸಂಗತಿ ನನಗೆ ಹೊಸದು. ಗಾಳಿ ಚೆನ್ನಾಗಿ ಆಡುವ ಜಾಗಕ್ಕಿಂತ ಗಾಳಿ ಸಿಗದ ಜಾಗವೇ ಮೊದಲು ಕರಗುವುದಂತೆ. ಕೆಸರಿನ ಅಡಿ, ಮ್ಯಾಟಿನ ಅಡಿ, ಪುಟ್ಟಿಯ ಅಡಿ, ಎರಡು ತಗಡುಗಳ ಸಂದಿ. ಮಳೆಗಾಲದಲ್ಲಿ ಕಾರನ್ನು ಪ್ಲಾಸ್ಟಿಕ್ ಟರ್ಪಾಲಿನಲ್ಲಿ ಬಿಗಿಯಾಗಿ ಸುತ್ತಿಡುವ ಮನೆಗಳು ಎಷ್ಟೋ. ಒಳಗಿನ ಹಸಿ ಹೊರಗೆ ಹೋಗಲಾರದೆ ಬೆವರಿ ಬೆವರಿ ತಗಡನ್ನೇ ತಿನ್ನುತ್ತದೆ. ಮಾಡಿನಡಿ ನಿಲ್ಲಿಸಿ, ಉಸಿರಾಡುವ ಬಟ್ಟೆ ಹೊದಿಸಿದರೆ ಸಾಕಾಗುತ್ತಿತ್ತು.

ಇಂದಿನ ಕಾರುಗಳ ತಗಡಿಗೆ ಸತುವಿನ ಲೇಪ ಇರುತ್ತದೆ, ಮೈ ಇಡಿಯಾಗಿ ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿ ಏಳುತ್ತದೆ. ಈ ಫಿಯೆಟ್ಟಿಗೆ ಆ ಭಾಗ್ಯ ಇರಲಿಲ್ಲ. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರಿಗೆ ಫೈಬರ್ ಗ್ಲಾಸಿನ ಮೈ ಕೊಟ್ಟಿತ್ತು, ತುಕ್ಕಿನ ಮಾತೇ ಇಲ್ಲದ ಮೈ. ಜನ ಮಾತ್ರ ಕಬ್ಬಿಣವನ್ನೇ ನಂಬಿದರು.

ಎಂಜಿನ್ ಕೋಣೆಯ ಗೋಡೆಯ ಮೇಲೆ ರಿವೆಟ್ ಹೊಡೆದ ಒಂದು ಸಣ್ಣ ಫಲಕ. ಮಾಸ್ಟ್ರು ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಾರೆ. ಪ್ರೀಮಿಯರ್ ಆಟೋಮೊಬೈಲ್ಸ್, ಬಾಂಬೆ ಎಂಬ ಅಕ್ಷರಗಳು ಕಪ್ಪಿನಿಂದ ಮೇಲೇಳುತ್ತವೆ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಕಂಪನಿ, ಕುರ್ಲಾದ ಕಾರ್ಖಾನೆ. ನಮ್ಮ ನಾಡಿಗೂ ಇದಕ್ಕೂ ಒಂದು ಎಳೆ ಇದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಯುರೋಪು, ಅಮೆರಿಕ ಸುತ್ತಿ ಬಂದು ಭಾರತದಲ್ಲೇ ಮೋಟಾರು ಕಾರ್ಖಾನೆ ಕಟ್ಟುವ ಯೋಜನೆ ಬರೆದಾಗ ಜೊತೆಗೆ ನಿಂತವರಲ್ಲಿ ವಾಲ್‌ಚಂದ್ ಒಬ್ಬರು. ಮೈಸೂರು ಸಂಸ್ಥಾನದಲ್ಲಿ ಅದು ನೆಲೆಯೂರಬಹುದಿತ್ತು. ಬ್ರಿಟಿಷ್ ಸರ್ಕಾರ ಕೈ ಹಿಡಿಯಲಿಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದವರೂ ಇದೇ ವಾಲ್‌ಚಂದ್.

ಇಟಲಿಯ ಫಿಯೆಟ್ 1962ರಲ್ಲಿ ತಂದ 1100 ಡಿ ಮಾದರಿ 1964ರಿಂದ ಕುರ್ಲಾದಲ್ಲಿ ತಯಾರಾಗತೊಡಗಿತು. ಪ್ರಧಾನಿಯಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿ ಅದೇ ಹೊತ್ತಿಗೆ ಫಿಯೆಟ್ ಕೊಳ್ಳಲು ಬ್ಯಾಂಕಿನಿಂದ 5,000 ರೂಪಾಯಿ ಸಾಲ ಮಾಡಿದ್ದನ್ನೂ, ಅವರು ತೀರಿಕೊಂಡ ಮೇಲೆ ಲಲಿತಾ ಶಾಸ್ತ್ರಿಯವರು ಪಿಂಚಣಿಯಲ್ಲಿ ಅದನ್ನು ತೀರಿಸಿದ್ದನ್ನೂ ಮಾಸ್ಟ್ರು ಎಷ್ಟೋ ತರಗತಿಗಳಿಗೆ ಹೇಳಿದ್ದಾರೆ. 1974ರಲ್ಲಿ ಕಾರಿಗೆ ಚಿತ್ತೋರಿನ ರಾಣಿಯ ಹೆಸರು ಬಂತು. ಈ ಹಟ್ಟಿಯಲ್ಲಿರುವುದು 1978ರದ್ದು: 1089 ಸಿ.ಸಿ. ಎಂಜಿನ್, ನಾಲ್ಕು ಮೀಟರಿಗೂ ಒಂದಿಷ್ಟು ಕಡಿಮೆ ಉದ್ದ, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಹಿಂಬದಿಯ ಎರಡು ಮೂಲೆಗಳಲ್ಲಿ ಪುಟ್ಟ ರೆಕ್ಕೆ. 2000ದ ಹೊತ್ತಿಗೆ ತಯಾರಿಕೆ ನಿಂತಿತು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು.

ಈಗ ಮೂಲೆಯ ಆ ಡ್ರಮ್ಮಿನ ಬಳಿ ಹೋಗೋಣ. ಸಿಹಿ ಹುಳಿ ಗಮಲು ಬರುವುದು ಕಾಕಂಬಿಯಿಂದ, ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ಬಾನೆಟ್ಟಿನ ಕೀಲು, ಬಂಪರಿನ ಕ್ಲಾಂಪು, ಸೀಟಿನ ಹಳಿ ಇಂಥ ಬಿಡಿಭಾಗಗಳು ಅದರಲ್ಲಿ ಒಂದೆರಡು ವಾರ ಮುಳುಗಿ ಕೂರುತ್ತವೆ. ಪಾಕ ತುಕ್ಕನ್ನು ಮಾತ್ರ ಕರಗಿಸಿಕೊಳ್ಳುತ್ತದೆ, ಗಟ್ಟಿ ಕಬ್ಬಿಣವನ್ನು ಮುಟ್ಟುವುದು ತೀರ ಕಡಿಮೆ. ಹುಳಿ ಬಂದ ನೊರೆಯ ಮೇಲೆ ನೊಣ, ಜೇನ್ನೊಣ ಮುತ್ತುತ್ತವೆ. ಹೊರಗೆ ತೆಗೆದು ಪೈಪಿನ ನೀರು ಬಿಟ್ಟರೆ ಬೂದುಬಣ್ಣದ ಬತ್ತಲೆ ಕಬ್ಬಿಣ. ತಡಮಾಡುವಂತಿಲ್ಲ. ಈ ಹವೆಯಲ್ಲಿ ನೋಡನೋಡುತ್ತಲೇ ಕೇಸರಿ ಪುಡಿ ಹತ್ತುತ್ತದೆ, ಒರೆಸಿ ಒಣಗಿಸಿ ಕೂಡಲೇ ಪ್ರೈಮರ್ ಬಳಿಯಬೇಕು.

ಅದರಾಚೆ ಬಯಲಿಗೆ ಇಟ್ಟಿರುವ ನೀಲಿ ಬಕೆಟ್ಟು ಮಗಳ ಇಲಾಖೆ. ನೀರಿಗೆ ಒಗೆಯುವ ಸೋಡಾ, ಬ್ಯಾಟರಿ ಚಾರ್ಜರಿನ 12 ವೋಲ್ಟು. ತುಕ್ಕು ಹಿಡಿದ ಭಾಗಕ್ಕೆ ಮೈನಸ್ ತಂತಿ, ಬಲಿಕೊಡುವ ಗುಜರಿ ಕಬ್ಬಿಣಕ್ಕೆ ಪ್ಲಸ್. ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ, ನೀರು ಹೊತ್ತು ಹೋದಂತೆ ಕಂದಾಗುತ್ತದೆ. ಆ ಗುಳ್ಳೆ ಜಲಜನಕ, ಕಿಡಿ ತಗುಲಿದರೆ ಸಿಡಿಯುವಂಥದ್ದು. ಆದ್ದರಿಂದ ಬಕೆಟ್ಟು ಬಯಲಲ್ಲಿ, ಬೀಡಿ ಸೇದುವವರು ದೂರ. ಗುಜರಿಯ ಜಾಗಕ್ಕೆ ಸ್ಟೀಲಿನ ಚಮಚವನ್ನೋ ತಟ್ಟೆಯನ್ನೋ ಇಡಕೂಡದು ಎಂದು ಅವಳು ಗಟ್ಟಿಯಾಗಿ ಹೇಳುತ್ತಾಳೆ, ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ.

ಬಿಚ್ಚಿ ಮುಳುಗಿಸಲಾಗದ ಕಡೆ, ತಗಡು ಗಟ್ಟಿಯಾಗಿದ್ದು ಮೇಲೆ ಮಾತ್ರ ಕಂದುಗಟ್ಟಿದ ಕಡೆ, ತಂತಿ ಬ್ರಷ್ಷಿನಿಂದ ಉಜ್ಜಿ ಟ್ಯಾನಿಕ್ ಆಸಿಡ್ ಇರುವ ದ್ರಾವಣ ಬಳಿಯುತ್ತಾರೆ. ಕಂದು ಬಣ್ಣ ಕಣ್ಣೆದುರೇ ನೀಲಿಗಪ್ಪಾಗಿ ತಿರುಗುತ್ತದೆ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದ ರಸಾಯನವೇ ಇದು. ಅಳಲೆಯ ಒಗರು ಕಬ್ಬಿಣವನ್ನು ಕಟ್ಟಿ ಕಪ್ಪು ಮಾಡುತ್ತದೆ. ಇದು ತೆಳು ತುಕ್ಕಿಗೆ ಮಾತ್ರ ಮದ್ದು. ಹಪ್ಪಳಿಕೆ ಏಳುವ ತುಕ್ಕಿನ ಮೇಲೆ ಏನು ಬಳಿದರೂ ಅದು ಬಳಿದದ್ದನ್ನೂ ಹೊತ್ತುಕೊಂಡು ಉದುರುತ್ತದೆ. ಅಲ್ಲಿ ಕತ್ತರಿಸುವುದೊಂದೇ ದಾರಿ.

ಕತ್ತರಿಸುವ ಮುಂಚೆ ಒಂದು ದೊಡ್ಡ ಸಿದ್ಧತೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡಿಗೆ ಅಡಿಯಲ್ಲಿ ಬೇರೆಯೇ ಚಾಸಿಸ್ ಇರುತ್ತಿತ್ತು. ಫಿಯೆಟ್ಟಿಗೆ ಅದಿಲ್ಲ, ಅದರ ಮೈಯೇ ಅದರ ಬೆನ್ನೆಲುಬು. ನೆಲ, ರನ್ನಿಂಗ್ ಬೋರ್ಡು, ಕಂಬ, ಮಾಡು ಎಲ್ಲ ಸೇರಿ ಎಂಜಿನ್ನಿನ ಭಾರವನ್ನೂ ರಸ್ತೆಯ ಹೊಡೆತವನ್ನೂ ಹೊರುತ್ತವೆ. ಎರಡೂ ಕಡೆಯ ರನ್ನಿಂಗ್ ಬೋರ್ಡು ಒಟ್ಟಿಗೇ ತೆಗೆದರೆ ಮೈ ನಡುವಿನಲ್ಲಿ ಕುಸಿದು, ಮುಂದೆ ಯಾವ ಬಾಗಿಲೂ ಚೌಕಟ್ಟಿಗೆ ಕೂರದು. ಆದ್ದರಿಂದ ಬಾಗಿಲಿನ ಬಾಯಿಗೆ ಅಡ್ಡಲಾಗಿ ಆಂಗಲ್ ಕಬ್ಬಿಣದ ತುಂಡುಗಳನ್ನು ಬೆಸೆದಿದ್ದಾರೆ. ಮಾಸ್ಟ್ರು ಕಾರಿನ ಅಡಿಯ ಗುರುತುಗಳಿಂದ ತೂಗುಗುಂಡು ಇಳಿಬಿಟ್ಟು, ನೆಲದ ಮೇಲೆ ಚುಕ್ಕಿ ಇಟ್ಟು, ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆಯುತ್ತಾರೆ. ಎರಡು ಕರ್ಣಗಳೂ ಸಮ ಬರಬೇಕು. ರೇಖಾಗಣಿತ ಕಲಿಸಿದ ಕೈ, ಅಳತೆಯನ್ನು ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ಚಿತ್ರದ ಸಮೇತ ಬರೆದಿಡುತ್ತದೆ. ಒಂದು ಕಡೆ ಮುಗಿದು, ಬಾಗಿಲು ತೂಗುಹಾಕಿ, ಸಂದಿ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇದೆಯೆಂದು ನೋಡಿದ ಮೇಲೆಯೇ ಇನ್ನೊಂದು ಕಡೆಗೆ ಗ್ರೈಂಡರ್ ಮುಟ್ಟುವುದು. ಪೆಟ್ರೋಲ್ ಟ್ಯಾಂಕು ಎಲ್ಲಕ್ಕಿಂತ ಮೊದಲೇ ಇಳಿದು ತೋಟದ ಆಚೆ ತುದಿಯಲ್ಲಿದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನ ಆವಿಯೇ ಅಪಾಯ ಎಂಬುದು ಆಚಾರ್ರಿಗೆ ಗುರುಗಳು ಕಲಿಸಿದ ಮೊದಲ ಪಾಠ.

ಗ್ರೈಂಡರಿನ ಕಿಡಿ ಹಟ್ಟಿಯ ಗೋಡೆಗೆ ಚಿಮ್ಮಿ ಆರುತ್ತದೆ. ಕೊಳೆತ ತಗಡು ಹೊರಗೆ ಬಂದ ಮೇಲೆ ಅದರ ಜಾಗಕ್ಕೆ ಹೊಸ ತುಂಡು ಆಗಬೇಕು. ಅಂಗಡಿಯಲ್ಲಿ ಸಿಗುವುದು ಚಪ್ಪಟೆ ಹಾಳೆ, 20 ಗೇಜ್, ದಪ್ಪ ಸುಮಾರು 0.9 ಮಿಲಿಮೀಟರ್. ಫಿಯೆಟ್ಟಿನ ಮೈಯಲ್ಲಿ ಚಪ್ಪಟೆ ಎಂಬ ಜಾಗವೇ ಅಪರೂಪ. ಮನೆಗೆ ಬಂದ ಮದುವೆ ಕಾಗದಗಳ ರಾಶಿಯಿಂದ ದಪ್ಪನೆಯದೊಂದನ್ನು ಆರಿಸಿ, ತೂತಿನ ಮೇಲೆ ಒತ್ತಿ, ಅಂಚನ್ನು ಬೆರಳಲ್ಲಿ ತೀಡಿ, ಕತ್ತರಿಸಿ ಆಚಾರ್ರು ಮಾದರಿ ಮಾಡುತ್ತಾರೆ. ಆ ಮಾದರಿಯ ಅಳತೆಗೆ ತಗಡು. ಕುಳಿ ತೋಡಿದ ಹಲಸಿನ ಕುತ್ತಿಯ ಮೇಲೆ ತಗಡನ್ನಿಟ್ಟು ಮರದ ಕೊಡತಿಯಿಂದ ಬಡಿಯುತ್ತ ತಿರುಗಿಸುತ್ತ ಹೋದರೆ ನಡುಭಾಗ ಹಿಗ್ಗಿ ಉಬ್ಬು ಮೂಡುತ್ತದೆ. ಆಮೇಲೆ ಅಡಿಗೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು, ಮೇಲಿನಿಂದ ಚಪ್ಪಟೆ ಮುಖದ ಸುತ್ತಿಗೆಯಿಂದ ಹಗುರಾಗಿ ತಟ್ಟಿ ನುಣುಪು. ಕಾರಿಗೆ ಹಿಡಿದು ನೋಡುತ್ತಾರೆ, ತೆಗೆಯುತ್ತಾರೆ, ಎರಡು ಏಟು ಹಾಕುತ್ತಾರೆ, ಮತ್ತೆ ಹಿಡಿಯುತ್ತಾರೆ. ಅಂಗೈಯಷ್ಟು ಅಗಲದ ಒಂದು ತುಂಡಿಗೆ ಮಧ್ಯಾಹ್ನದ ಗಂಜಿ ಊಟದವರೆಗೆ ಹೊತ್ತು ಹಿಡಿಯುತ್ತದೆ. ಕಣ್ಣು ಮುಚ್ಚಿ ಅಂಗೈ ಸವರಿ ಅವರು ಉಬ್ಬು ತಗ್ಗು ಹೇಳುತ್ತಾರೆ. ಇಡೀ ಹಟ್ಟಿಯಲ್ಲಿ ಆ ಅಂಗೈಗೆ ಸಮನಾದ ಉಪಕರಣ ಇನ್ನೊಂದಿಲ್ಲ.

ಬೆಸುಗೆಯ ವಿಷಯದಲ್ಲಿ ಅವರಿಗೆ ಖಚಿತವಾದ ಅಭಿಪ್ರಾಯವಿದೆ. ನೆಲದ ತಗಡಿಗೆ ಬಾಡಿಗೆಗೆ ತಂದ ಸಿಒಟು ವೆಲ್ಡಿಂಗ್ ಯಂತ್ರ. ಒಂದರ ಮೇಲೊಂದು ಬೆರಳಗಲ ಹಾಸಿ, ಬೆಸೆದು, ಸಂದಿಗೆ ಸೀಲರ್ ತುಂಬಿ ಮುಚ್ಚುವುದು. ಕಣ್ಣಿಗೆ ಕಾಣುವ ಹೊರಮೈಗೆ ಮಾತ್ರ ಹಳೆಯ ಗ್ಯಾಸ್ ವೆಲ್ಡಿಂಗ್, ಅದೂ ಅಂಚಿಗೆ ಅಂಚು ತಾಗಿಸಿ. ಒಂದರ ಮೇಲೊಂದು ಹಾಸಿದರೆ ಆ ಸಂದಿಯಲ್ಲೇ ಮತ್ತೆ ನೀರು ಕೂರುತ್ತದೆ.

‘ಯಂತ್ರದ ವೆಲ್ಡಿಂಗ್ ಗಟ್ಟಿ ಮಾರಾಯ್ರೆ, ಉಜ್ಜೂಕೆ ಮಾತ್ರ ಆತ್ತ್. ಗ್ಯಾಸಿಂದ್ ಮಿದು, ಬಡ್ದ್ ನೇರ ಮಾಡ್ಲಕ್ಕ್.’

ಹಿಂದೆ ಕಾರ್ಬೈಡಿನ ಕಲ್ಲಿಗೆ ನೀರು ಬಿಟ್ಟು ಗ್ಯಾಸ್ ಮಾಡಿಕೊಳ್ಳುತ್ತಿದ್ದ ಕಾಲದ ಬೆಳ್ಳುಳ್ಳಿ ವಾಸನೆಯನ್ನು ನೆನೆಯುತ್ತ ಅವರು ಸಿಲಿಂಡರಿನ ಕೀಲಿ ತಿರುಗಿಸುತ್ತಾರೆ. ಹಳದಿ ಜ್ವಾಲೆ ಮಸಿ ಉಗುಳುತ್ತ ಎದ್ದು, ಆಮ್ಲಜನಕ ಸೇರಿದಂತೆ ಕುಗ್ಗಿ, ತುದಿಯಲ್ಲಿ ಚೂಪಾದ ನೀಲಿ ಮೊನೆಯಾಗಿ ನಿಲ್ಲುತ್ತದೆ. ಆ ಮೊನೆಯ ಬಳಿ 3,000 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕ ಬಿಸಿ. ಉಕ್ಕು ಸುಮಾರು 1,500ರಲ್ಲೇ ಕರಗುತ್ತದೆ, ಅಷ್ಟು ತೆಳು ತಗಡು ಕೈ ತಪ್ಪಿದರೆ ತೂತು, ನಿಧಾನಿಸಿದರೆ ಸೊಟ್ಟ. ಆದ್ದರಿಂದ ಇಲ್ಲೊಂದು ಚುಕ್ಕಿ, ದೂರದ ಮೂಲೆಯಲ್ಲೊಂದು ಚುಕ್ಕಿ, ಆರುವವರೆಗೆ ಕಾಯುವುದು, ಮತ್ತೆ ನಡುವಿನಲ್ಲೊಂದು. ಬಿಸಿಗೆ ಹಿಗ್ಗಿ ತಗಡು ಎಲ್ಲಾದರೂ ಡೊಳ್ಳಾಗಿ ಎದ್ದರೆ, ಆ ಉಬ್ಬಿನ ನೆತ್ತಿಯಲ್ಲಿ ಕಾಸಗಲದ ಜಾಗವನ್ನು ಕೆಂಪಗೆ ಕಾಯಿಸಿ, ಸುತ್ತ ಎರಡೇಟು ತಟ್ಟಿ, ಒದ್ದೆ ಬಟ್ಟೆ ಒತ್ತುತ್ತಾರೆ. ಚುಂಯ್ ಎಂದು ಹಬೆ ಎದ್ದು ತಗಡು ಸೆಳೆದುಕೊಂಡು ಬಿಗಿಯಾಗುತ್ತದೆ. ಈ ವಿದ್ಯೆಯನ್ನು ಕಲಿಯಲು ಅವರ ಬಳಿ ಈಗ ಹುಡುಗರು ಬರುವುದಿಲ್ಲ. ಹೊಸ ಕಾರಿನ ಬಾಗಿಲು ಜಜ್ಜಿದರೆ ಹೊಸ ಬಾಗಿಲೇ ಪೆಟ್ಟಿಗೆಯಲ್ಲಿ ಬರುತ್ತದೆ. ಹಳೆಯ ಕಾರುಗಳನ್ನು ಪ್ರೀತಿಸುವವರು ಇಂಥ ಕೈಗಳನ್ನು ಹುಡುಕಿಕೊಂಡು ಹೋಗಿ ಕೆಲಸ ಕೊಡದಿದ್ದರೆ, ಒಂದು ಪೀಳಿಗೆಯೊಳಗೆ ಪುಟ್ಟಿಯೊಂದೇ ಉಳಿಯುತ್ತದೆ. ಇದು ನನಗೆ ನಿಜವಾದ ಚಿಂತೆ.

ಮನೆಯ ಅಮ್ಮ ಅವಲಕ್ಕಿ, ಚಾ ತಂದಿಟ್ಟಿದ್ದಾರೆ. ತಿನ್ನುತ್ತಲೇ ಉಳಿದ ಕೆಲಸದ ಲೆಕ್ಕ ನಡೆಯುತ್ತದೆ. ಬತ್ತಲೆ ತಗಡಿಗೆ ಮೊದಲು ಎಪಾಕ್ಸಿ ಪ್ರೈಮರ್, ಅದರ ಮೇಲೆ ಬೇಕಾದಲ್ಲಿ ತೆಳುವಾಗಿ ಪುಟ್ಟಿ. ಪುಟ್ಟಿಯನ್ನು ಇವರು ಬಿಟ್ಟೇಬಿಟ್ಟಿಲ್ಲ, ಗೀರು ತುಂಬುವಷ್ಟಕ್ಕೆ ಇಟ್ಟಿದ್ದಾರೆ. ಅದು ನೀರು ಹೀರುವ ವಸ್ತು; ಬರೀ ಪುಟ್ಟಿ, ಪ್ರೈಮರಿನಲ್ಲಿ ಕಾರನ್ನು ಮಳೆಗಾಲ ದಾಟಿಸುವುದಕ್ಕಿಲ್ಲ. ಮಳೆಗೆ ಮುಂಚೆ ಬಣ್ಣ ಏರಲೇಬೇಕು. ನೀರು ಬಿಟ್ಟು ವಾಟರ್ ಪೇಪರಿನಲ್ಲಿ ಉಜ್ಜುವ ಕೆಲಸ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಬಣ್ಣಕ್ಕೆ ಆರಿಸಿದ್ದು ಹಳೆಯ ಎನ್.ಸಿ. (ನೈಟ್ರೋಸೆಲ್ಯುಲೋಸ್) ಪೇಂಟು, ತೆಳುವಾಗಿ ಹಲವು ಸಲ ಹೊಡೆದು ಪಾಲಿಶ್ ಮಾಡುವಂಥದ್ದು. ಪಿ.ಯು. (ಪಾಲಿಯುರೆಥೇನ್) ಬಣ್ಣದ ಹೊಳಪು ಹೆಚ್ಚು ಬಾಳುತ್ತದೆ, ಆದರೆ ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಉಸಿರಿನ ಶತ್ರು. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡವಿಲ್ಲದೆ ಮನೆಯಲ್ಲಿ ಹೊಡೆಯುವಂಥದ್ದಲ್ಲ. ಎನ್.ಸಿ.ಗೂ ಒಂದು ಹಟ. ಗಾಳಿಯಲ್ಲಿ ಪಸೆ ಹೆಚ್ಚಿದ್ದರೆ ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಇಬ್ಬನಿ ಆರಿದ ಮೇಲೆ, ಕಡಲಗಾಳಿ ಏಳುವ ಮುಂಚೆ, ಆ ಕೆಲವೇ ಗಂಟೆಗಳಲ್ಲಿ ಹೊಡೆಯಬೇಕು.

ಬಣ್ಣವೂ ಮೊದಲಿನದೇ, ತೆಳು ಬೂದಿ ನೀಲಿ. ಬಣ್ಣ ಬದಲಿಸಿದರೆ ಆರ್.ಸಿ.ಯಲ್ಲೂ ಬದಲಿಸಬೇಕು, ಅದಕ್ಕಿಂತ ದೊಡ್ಡ ಕಾರಣ ಮಾಸ್ಟ್ರ ತಲೆಯಲ್ಲಿದೆ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರು ವಿಂಟೇಜ್ ಎನಿಸಿಕೊಂಡು ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ. ಮುಖ್ಯ ಷರತ್ತು: ಚಾಸಿಸ್, ಮೈ, ಎಂಜಿನ್ ಮೂಲರೂಪದಲ್ಲಿರಬೇಕು, ಮಾರ್ಪಾಡು ಆಗಿರಬಾರದು. ಈ ಕಾರಿಗೆ 2028ರಲ್ಲಿ ಐವತ್ತು ತುಂಬುತ್ತದೆ. ಅಗಲ ಚಕ್ರ, ಹೊಸ ಲೈಟು, ಕತ್ತರಿಸಿದ ಮಾಡು ಎಂದು ಹಳೆಯ ಫಿಯೆಟ್ಟುಗಳನ್ನು ಅಲಂಕರಿಸುವವರ ಹುಮ್ಮಸ್ಸು ನನಗೆ ಅರ್ಥವಾಗುತ್ತದೆ, ಆದರೆ ಮನಸ್ಸು ಮಾಸ್ಟ್ರ ಕಡೆಗೇ ವಾಲುತ್ತದೆ.

ಬಣ್ಣ ಏರಿದ ಮೇಲೂ ಒಂದು ಕೆಲಸ ಬಾಕಿ, ಅದನ್ನು ಹೊರಗಿನವರು ಯಾರೂ ನೋಡುವುದಿಲ್ಲ. ರನ್ನಿಂಗ್ ಬೋರ್ಡಿನ ಟೊಳ್ಳಿಗೆ, ಬಾಗಿಲ ಹೊಟ್ಟೆಗೆ, ಡಿಕ್ಕಿಯ ಪಕ್ಕೆಲುಬಿಗೆ ಉದ್ದ ಕೊಳವೆ ತೂರಿಸಿ ಮೇಣದ ದ್ರಾವಣ ಸಿಂಪಡಿಸುತ್ತಾರೆ. ಅದು ಒಳಗೆಲ್ಲ ಹರಿದು ತೆಳು ಪದರಾಗಿ ಅಂಟಿಕೊಂಡು, ಹೆಚ್ಚಾದದ್ದು ಕೆಳಗಿನ ತೂತಿನಿಂದ ತೊಟ್ಟಿಕ್ಕುತ್ತದೆ. ಆ ತೂತುಗಳನ್ನು ಕಾರ್ಖಾನೆಯವರೇ ಕೊಟ್ಟದ್ದು. ಗಾಜಿನ ರಬ್ಬರಿನ ಸಂದಿಯಿಂದ ಇಳಿದ ಮಳೆನೀರು ಹೊರಗೆ ಹೋಗಲಿ ಎಂದು ಪ್ರತಿ ಬಾಗಿಲಿನ ತಳದಲ್ಲೂ ಅವು ಇರುತ್ತವೆ. ಈ ಕಾರಿನಲ್ಲಿ ಅವೆಲ್ಲ ಎಲೆ, ಮಣ್ಣು, ಹಳೆಯ ಪುಟ್ಟಿಯಿಂದ ಮುಚ್ಚಿಹೋಗಿದ್ದವು. ಬಾಗಿಲುಗಳು ಕೊಳೆತದ್ದು ಅಲ್ಲಿಂದಲೇ.

ನಿಮ್ಮ ಮನೆಯಲ್ಲೂ ಅಪ್ಪನದೋ ಅಜ್ಜನದೋ ಕಾಲದ ಫಿಯೆಟ್ಟು, ಅಂಬಾಸಡರ್, ಹೆರಾಲ್ಡ್, ಹಳೆಯ ಮಾರುತಿ ನಿಂತಿದ್ದರೆ ಈ ಸಲ ಜೂನ್‌ಗೆ ಮುಂಚೆ ಒಂದು ಬೆಳಿಗ್ಗೆ ಅದಕ್ಕೆ ಕೊಡಿ. ಮ್ಯಾಟು ಎತ್ತಿ ಬಿಸಿಲಿಗೆ ಹಾಕಿ, ನೆಲವನ್ನು ಬೆರಳಿನಿಂದ ಒತ್ತಿ ನೋಡಿ, ಬಾಗಿಲ ತಳದ ತೂತುಗಳನ್ನು ತೆಂಗಿನ ಗರಿಯ ಕಡ್ಡಿಯಿಂದ ಬಿಡಿಸಿ. ಪ್ಲಾಸ್ಟಿಕ್ ಹೊದಿಕೆ ತೆಗೆದುಹಾಕಿ. ತುಕ್ಕು ಕಂಡರೆ ಅದರ ಮೇಲೆ ಪುಟ್ಟಿ ಮೆತ್ತಲು ಮಾತ್ರ ಯಾರಿಗೂ ಬಿಡಬೇಡಿ.